ಬರಿದಾಗಿ ಇಡಬಾರದ ಪಿಸ್ತೂಲು

ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ದಿಕ್ಕಿಗೆ ತಲೆ ಹಾಕಿ ಮಲಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಅಜ್ಜನೂ ಅಲ್ಲ, ಅಪ್ಪನೂ ಅಲ್ಲ. ನಡುಮನೆಯ ಗೋಡೆಗೂಡಿನಲ್ಲಿದ್ದ ಒಂದು ಹಲಸಿನ ಮರದ ಪೆಟ್ಟಿಗೆ. ಅದರೊಳಗೆ ಅಜ್ಜನ ಪಿಸ್ತೂಲು ಇತ್ತು. ಗೂಡಿನ ಮೇಲ್ಗಡೆ ಗೂಟಕ್ಕೆ ತಗುಲಿಸಿದ ಒಂಟಿನಳಿಗೆ ಕೋವಿಯೂ ಒಂದಿತ್ತು. ಅದಕ್ಕೆ ನಾವು ಯಾರೂ ಹೆದರುತ್ತಿರಲಿಲ್ಲ. ಕೊಡಗಿನ ಮನೆಯಲ್ಲಿ ಕೋವಿ ಎಂದರೆ ಹಟ್ಟಿಯ ಹಳೆಯ ಎತ್ತಿನ ಹಾಗೆ, ಹುಟ್ಟಿದಾಗಿನಿಂದ ಕಂಡದ್ದು, ಅದರ ಗುಣ ಎಲ್ಲರಿಗೂ ಗೊತ್ತು. ಪಿಸ್ತೂಲು ಹಾಗಲ್ಲ. ಅದಕ್ಕೆ ಬೇರೆ ಲೈಸೆನ್ಸು, ಬೇರೆ ಬೀಗ. ಅಜ್ಜ ಪಟಾಲಮಿನಲ್ಲಿ ಸುಬೇದಾರನಾಗಿದ್ದವನು. ಸೈನ್ಯದವರು ತಮಗೆ ಸಾಕೆಂದು ಹೊರಹಾಕಿದ ಪಿಸ್ತೂಲುಗಳಲ್ಲಿ ಒಂದನ್ನು ನಿವೃತ್ತಿಯ ಕಾಲಕ್ಕೆ ಅರ್ಜಿ ಬರೆದುಕೊಟ್ಟು ತಂದಿದ್ದ. ಅದು ಅಜ್ಜನ ಕೈಗೆ ಬರುವ ಮೊದಲು ಎಷ್ಟು ಕೈ ದಾಟಿತ್ತೋ ದೇವರಿಗೇ ಗೊತ್ತು. ಅಂಚುಗಳಲ್ಲಿ ಕಪ್ಪು ಹೋಗಿ ಬಿಳಿ ಲೋಹ ಕಾಣುತ್ತಿತ್ತು. ಹಳೆಯ ನಂಬರಿನ ಮೇಲೆ ಯಾರೋ ಅಡ್ಡ ಗೀರು ಹೊಡೆದು ಬೇರೆ ನಂಬರು ಕೆತ್ತಿದ್ದರು.

ಗೂಡಿನಲ್ಲಿ ಪೆಟ್ಟಿಗೆಯನ್ನು ಇಡುವುದಕ್ಕೆ ಇದ್ದದ್ದು ಒಂದೇ ರೀತಿ. ಹಾಗೆ ಇಟ್ಟರೆ ಪಿಸ್ತೂಲಿನ ಬಾಯಿ ಹಿಂದಿನ ಗೋಡೆಗೆ ಮುಖ ಮಾಡುತ್ತಿತ್ತು. ಆ ಗೋಡೆಯ ಆಚೆಗೆ ಅಡಿಗೆಮನೆ, ಗೋಡೆಗೆ ಒತ್ತಿಕೊಂಡೇ ಅವ್ವನ ಒಲೆ. ಅವ್ವ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಕಡೆಯುವ ಕಲ್ಲನ್ನು ಎಳೆದು ಎದುರು ಮೂಲೆಗೆ ಹಾಕಿದಳಂತೆ. ಒಲೆಯನ್ನು ಎಳೆಯುವುದಕ್ಕೆ ಆಗಲಿಲ್ಲ. ಹಾಗಾಗಿ ಅವಳು ರೊಟ್ಟಿ ತಟ್ಟುವಾಗ ಒಲೆಗೆ ನೇರ ಕೂರದೆ ಒಂದು ಮಗ್ಗುಲಿಗೆ ವಾಲಿ, ಕೈ ಚಾಚಿ ತಟ್ಟುತ್ತಿದ್ದಳು. ಹೊರಗಿನಿಂದ ಬಂದವರು ಇವಳಿಗೆ ಸೊಂಟನೋವು ಎಂದುಕೊಳ್ಳುತ್ತಿದ್ದರು. ನಾನೂ ಅಕ್ಕ ದೇವಕಿಯೂ ನಡುಮನೆಯಲ್ಲಿ ಉಣ್ಣುವಾಗ ಆ ಗೂಡಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ, ಎದೆ ಕೊಟ್ಟೂ ಕೂರುತ್ತಿರಲಿಲ್ಲ. ಗೂಡಿನ ಮುಂದೆ ದಾಟಬೇಕಾದಾಗ ನಾನು ಸ್ವಲ್ಪ ಕುಗ್ಗಿ ಓಡುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಬಿಸಿ ಪಾತ್ರೆಯಿಂದ ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಹಾಗೆ ಮೈ ತಾನಾಗಿ ಕಲಿತದ್ದು.

ಹೆದರಿಕೆಗೆ ಕಾರಣ ಅದು ತುಂಬಿದ್ದದ್ದು. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು: ನಡುಮನೆಯ ಗುರುಕಾರಣರ ದೀಪದ ಮುಂದೆ, ಅಂದರೆ ತೀರಿಹೋದ ನಮ್ಮ ಹಿರಿಯರ ಮುಂದೆ, ಆಯುಧವನ್ನು ಬರಿದಾಗಿ ಇಡಬಾರದು. ಹಸಿದವನ ಮುಂದೆ ಖಾಲಿ ಎಲೆ ಹಾಕಿದ ಹಾಗೆ ಆಗುತ್ತದಂತೆ. ಹಳೆಯ ಕೇಪಿನ ಕೋವಿಯ ಕಾಲದಲ್ಲಿ ಹಾಗೆಂದರೆ ಏನರ್ಥವೋ ನನಗೆ ಗೊತ್ತಿಲ್ಲ. ಅಜ್ಜ ಆ ಕಟ್ಟಳೆಯನ್ನು ಪಿಸ್ತೂಲಿಗೂ ಹೊಂದಿಸಿದ. ಭಾದ್ರಪದದ ಹೊತ್ತಿಗೆ, ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದ ದಿನ ಆಯುಧಗಳನ್ನೆಲ್ಲ ದೀಪದ ಮುಂದಿಟ್ಟು ಗಂಧ ಹಚ್ಚಿ, ಕೋವಿ ಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಗಂಧ ತೇಯ್ದು ಹಚ್ಚುವುದು ಮನೆಯ ಸೊಸೆಯ ಕೆಲಸ. ಪೂಜೆ ಆದ ಮೇಲೆ ಯಜಮಾನ ಅಂಗಳಕ್ಕೆ ಇಳಿದು ಮಣ್ಣಿನ ಬರೆಗೆ, ಅಂದರೆ ಅಂಗಳದಂಚಿನ ಕಡಿದ ದಿಬ್ಬಕ್ಕೆ, ಗುಂಡು ಹೊಡೆಯಬೇಕು. ಹೊಡೆದಾದ ಮೇಲೆ ಅಜ್ಜ ಬಾಗಿಲು ಹಾಕಿಕೊಂಡು ಮತ್ತೆ ತುಂಬಿ, ಪೆಟ್ಟಿಗೆಗೆ ಬೀಗ ಹಾಕಿದರೆ ಮುಂದಿನ ಕೈಲ್ ಮುಹೂರ್ತದವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಪಿಸ್ತೂಲಿನ ಖಾಯಿಲೆ ಎಲ್ಲರಿಗೂ ಗೊತ್ತಿತ್ತು. ಮೊದಲ ಗುಂಡು ಸರಿಯಾಗಿ ಹೋಗುತ್ತಿತ್ತು. ಆಮೇಲೆ ಖಾಲಿ ತೋಟೆ, ಗುಂಡಿನ ಹಿತ್ತಾಳೆ ಕವಚ, ಹೊರಗೆ ಹಾರಬೇಕಲ್ಲ, ಹಾರುತ್ತಿರಲಿಲ್ಲ. ಮೇಲಿನ ಸ್ಲೈಡು ಹಿಂದೆ ಹೋಗಿ ಮುಂದೆ ಬರುವಾಗ ಅದು ಹಲ್ಲಿಗೆ ಸಿಕ್ಕಿದ ಎಲುಬಿನ ಹಾಗೆ ಅಡ್ಡ ನಿಲ್ಲುತ್ತಿತ್ತು. ಕೆಲವು ಸಲ ಖಾಲಿ ತೋಟೆ ಹಾರಿದರೂ ಕೆಳಗಿನ ಮ್ಯಾಗಜಿನ್ನಿನಿಂದ ಮುಂದಿನ ತೋಟೆ ಮೇಲಕ್ಕೆ ಬರುತ್ತಿರಲಿಲ್ಲ, ಮೂತಿ ಕೆಳಗೆ ಮಾಡಿ ಕೂತುಬಿಡುತ್ತಿತ್ತು. ಎರಡಕ್ಕೂ ಅಜ್ಜನದು ಒಂದೇ ಮದ್ದು. ಅಂಗೈಯಿಂದ ಪಟ್ಟನೆ ತಟ್ಟುವುದು.

"ಹಳೇ ಎಮ್ಮೆ ಇದು. ತಟ್ಟಿದ್ರೆ ಮಾತ್ರ ಏಳ್ತದೆ," ಎಂದು ನಗುತ್ತಿದ್ದ.

ನಾನು ಹೇಳಬೇಕೆಂದಿರುವ ವರ್ಷದ ಹಿಂದಿನ ಕೈಲ್ ಮುಹೂರ್ತದಲ್ಲಿ ಆ ಎಮ್ಮೆ ಎದ್ದ ರೀತಿಯನ್ನು ನಾನು ಅಂಗಳದ ಕಲ್ಲುಮೆಟ್ಟಿಲಿನಲ್ಲಿ ಕೂತು ನೋಡಿದೆ. ಅಜ್ಜ ಬರೆಗೆ ಒಂದು ಗುಂಡು ಹೊಡೆದ. ತೋಟೆ ಸಿಕ್ಕಿಕೊಂಡಿತು. "ನೋಡು, ನೋಡು ಇವಳ ಹಟ!" ಎನ್ನುತ್ತ ಅಪ್ಪನಿಗೆ ತೋರಿಸುವುದಕ್ಕೆ ತಿರುಗಿದ, ತಿರುಗಿದವನು ಹಾಗೆಯೇ ತಟ್ಟಿದ. ತೋಟೆ ಕೆಳಗೆ ಬಿತ್ತು, ಸ್ಲೈಡು ಮುಂದಕ್ಕೆ ಹೊಡೆಯಿತು, ಅಜ್ಜನ ಬೆರಳು ಎಲ್ಲಿತ್ತೋ ಅಲ್ಲೇ ಇತ್ತು. ಢಮ್ ಎಂದಿತು. ಬಚ್ಚಲಿನ ಹೊರಗೆ ಅಕ್ಕ ತಾಮ್ರದ ಹಂಡೆಗೆ ನೀರು ತುಂಬುತ್ತ ನಿಂತಿದ್ದಳು. ಗುಂಡು ಹಂಡೆಯ ಒಂದು ಮಗ್ಗುಲಿಗೆ ಹೊಕ್ಕಿತು. ಅವಳ ಮೊಣಕಾಲಿಗೂ ಆ ತೂತಿಗೂ ಒಂದು ಗೇಣಿನ ಅಂತರ ಇರಲಿಲ್ಲ. ಅವಳು ಕಿರುಚಲಿಲ್ಲ, ಓಡಲಿಲ್ಲ. ತೂತಿನಿಂದ ನೀರು ಬಿಲ್ಲಿನ ಹಾಗೆ ಬಾಗಿ ಅವಳ ಪಾದದ ಮೇಲೆ ಬೀಳುತ್ತಿತ್ತು. ನೀರು ತೂತಿನ ಮಟ್ಟಕ್ಕೆ ಇಳಿದು ತಾನಾಗಿ ನಿಲ್ಲುವವರೆಗೂ ಅವಳು ಅಲ್ಲೇ ಬಿಂದಿಗೆ ಹಿಡಿದುಕೊಂಡು ನಿಂತಿದ್ದಳು. ಅವ್ವ ಹೋಗಿ ಬಿಂದಿಗೆ ಬಿಡಿಸಬೇಕಾಯಿತು. ಆಮೇಲೆ ಬಹಳ ದಿನ ಅಕ್ಕ ಏನು ಕೇಳಿದರೂ ತಲೆಯಾಡಿಸುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅಜ್ಜ ಆ ದಿನ ಊಟ ಮಾಡಲಿಲ್ಲ. ಕತ್ತಲಾಗುವ ಮೊದಲು ಜಗುಲಿಯಲ್ಲಿ ಕೂತು ಒಂದೇ ಮಾತು ಹೇಳಿದ.

"ಹಂಡೆ ಹೇಗೂ ಹಳತಾಗಿತ್ತು."

ಮರುವರ್ಷ ನಾಟಿ ಮುಗಿಯುವ ಹೊತ್ತಿಗೆ ಅಜ್ಜನ ಬಲಗೈ ನಡುಗಲು ಶುರುವಾಗಿತ್ತು. ಕಾಫಿಲೋಟ ಹಿಡಿದರೆ ಅರ್ಧ ಪಂಚೆಗೆ ಚೆಲ್ಲುತ್ತಿತ್ತು. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತ ಅಪ್ಪನ ಕಡೆ ನೋಡದೆಯೇ ಹೇಳಿದ:

"ಪೊನ್ನಪ್ಪ, ಈ ಸಲ ಅಂಗಳದಲ್ಲಿ ನೀ ಹೊಡೀಬೇಕು. ನಿನ್ನ ಚಿಕ್ಕಪ್ಪ, ದಾಯಾದಿಗಳು ಎಲ್ಲ ಬರ್ತಾರೆ. ನನ್ನ ಮಾನ ಉಳಿಸು."

ನನ್ನ ಅಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಲೈನ್‌ಮನೆಯ ಆಳುಗಳ ಹಾಜರಿ ಹಾಕಿ, ಪಿಕ್ಕಿಂಗ್ ನೋಡಿ, ಸಂಜೆ ಕಾಫಿಹಣ್ಣು ಸುಲಿಯುವ ಪಲ್ಪರ್ ಹತ್ತಿರ ನಿಂತು ಮನೆಗೆ ಬರುವ ಮನುಷ್ಯ. ಸೈನ್ಯಕ್ಕೆ ಸೇರಲು ಹೋಗಿ ಎದೆ ಅಳತೆ ಸಾಲದೆ ವಾಪಸಾದವನು. ಅಜ್ಜ ಅದನ್ನು ಎಂದೂ ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ. ಅಪ್ಪ "ಆಯ್ತು" ಎಂದ. ರೊಟ್ಟಿಯ ಮೇಲೆ ಜೇನು ಹಾಕಿಕೊಂಡ, ತಿನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಟ್ಟಿಯ ಹಿಂದೆ ಅವನು ವಾಂತಿ ಮಾಡುತ್ತಿರುವುದನ್ನು ನಾನು ಕಂಡೆ. ನನ್ನನ್ನು ನೋಡಿ ಬಾಯಿ ಒರೆಸಿಕೊಂಡು, "ಪಿತ್ತ," ಎಂದ. ದೊಡ್ಡವರೊಬ್ಬರು ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಲ್ಲಿಂದ ಮುಂದೆ ನನ್ನ ಹೆದರಿಕೆಗೆ ಒಂದು ರೂಪ ಬಂತು: ಈ ಸಲ ಹಂಡೆ ಅಲ್ಲ, ಅಪ್ಪ. ಅವನು ತೋಟೆ ಸಿಕ್ಕಿಕೊಂಡ ಪಿಸ್ತೂಲನ್ನು ತನ್ನ ಕಡೆಗೆ ತಿರುಗಿಸಿ ನೋಡುತ್ತಾನೆ, ಅಜ್ಜ ಪಕ್ಕದಿಂದ ತಟ್ಟು ಎನ್ನುತ್ತಾನೆ, ಅಪ್ಪ ಎಂದಿನ ಹಾಗೆ ಆಯ್ತು ಎನ್ನುತ್ತಾನೆ. ತರಗತಿಯಲ್ಲಿ ಮೇಷ್ಟ್ರು ಬೋರ್ಡಿಗೆ ಡಸ್ಟರ್ ಬಡಿದರೆ ನಾನು ಬೆಂಚಿನ ಕೆಳಗೆ ಬಗ್ಗುತ್ತಿದ್ದೆ. ಹುಡುಗರು ನಗುತ್ತಿದ್ದರು.

ಅವ್ವ ಮಾತ್ರ ಅಡಿಗೆಮನೆಯಲ್ಲಿ ಅಪ್ಪನಿಗೆ ನೇರ ಹೇಳಿದಳು:

"ನೀವು ಅದನ್ನ ಹಿಡಿಯೂದಾದ್ರೆ ಮಕ್ಕಳನ್ನ ಕರ್ಕೊಂಡು ನಾ ತವರಿಗೆ ಹೋನೆ. ಒಂದು ಹಂಡೆ ಹೋದದ್ದು ಸಾಕು."

"ಹೋಗಿ ಎಂತ ಹೇಳ್ತಿಯ ಅಲ್ಲಿ? ಗಂಡ ಹಬ್ಬಕ್ಕೆ ಹೆದರಿದಾಂತ?"

"ಹೇಳ್ನೆ. ನಂಗೆ ನಾಚಿಕೆ ಇಲ್ಲೆ. ವಿಧವೆ ಆದ ಮೇಲೆ ಹೇಳೂದಕ್ಕಿಂತ ಈಗ ಹೇಳೂದು ಸಲೀಸು."

ಅಪ್ಪ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದ. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಪಲ್ಪರ್ ಸಿಕ್ಕಿಕೊಂಡ್ರೆ ನಾವು ತಟ್ಟೂದಿಲ್ಲ. ಹಣ್ಣು ಒಳಗೆ ಹೋಗ್ತಾ ಇಲ್ಲವಾ, ಸಿಪ್ಪೆ ಹೊರಗೆ ಬರ್ತಾ ಇಲ್ಲವಾ, ಮೊದಲು ಅದು ನೋಡೂದು."

ಅಜ್ಜ ಪಿಂಚಣಿಗೆಂದು ಮಡಿಕೇರಿಗೆ ಹೋದ ದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಪೆಟ್ಟಿಗೆಯ ಕೀಲಿ ದೀಪದ ಕೆಳಗಿನ ಅಕ್ಕಿಬಟ್ಟಲಿನಲ್ಲಿ ಇರುತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಹಬ್ಬಕ್ಕೆ ಮೊದಲು ಆಯುಧ ಮುಟ್ಟುವುದೇ ತಪ್ಪು, ಯಜಮಾನನಿಲ್ಲದೆ ಮುಟ್ಟುವುದು ಇನ್ನೂ ತಪ್ಪು. ಅಪ್ಪ ದೀಪಕ್ಕೆ ಕೈಮುಗಿದು ಬೀಗ ತೆಗೆದ. ಅಕ್ಕನನ್ನು ಅವ್ವ ತೋಟದ ಕೆಳಗಿನ ಮನೆಗೆ ಮಜ್ಜಿಗೆ ಕೊಟ್ಟು ಕಳಿಸಿದ್ದಳು. ನನ್ನನ್ನೂ ಕಳಿಸಲು ನೋಡಿದಳು. ನಾನು ಬಾಗಿಲ ಚೌಕಟ್ಟು ಬಿಡಲಿಲ್ಲ. ಅಪ್ಪ ಪಿಸ್ತೂಲಿನ ಬಾಯಿಯನ್ನು ಹೊರಗಿನ ಬರೆಯ ಕಡೆಗೆ ಮಾಡಿ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ನೀರು ತುಂಬಿದ ಬಟ್ಟಲು ಹೊತ್ತವನ ಹಾಗೆ ಜಗುಲಿಗೆ ನಡೆದ. ಮ್ಯಾಗಜಿನ್ ಕೆಳಗೆ ಎಳೆದ. ತೋಟೆಗಳು ಕಿಲುಬು ಹಿಡಿದು ಮೈ ಹಸಿರಾಗಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅದನ್ನು ದೂರ ಇಟ್ಟು, ಉಸಿರು ಬಿಟ್ಟು, "ಇನ್ನು ಹೆದರಿಕೆ ಇಲ್ಲೆ. ಬರಿದಾಯ್ತು," ಎಂದ.

ಅವ್ವ ಅವನ ಕೈ ಹಿಡಿದಳು.

"ಒಳಗೆ ನೋಡಿ."

"ತೆಗೆದಾಯ್ತಲ್ಲ ಮಾರಾಯ್ತಿ."

"ಕರೆದಾಯ್ತು ಅಂದ ಮೇಲೂ ಕೆಚ್ಚಲಲ್ಲಿ ಒಂದು ಹಿಡಿ ಹಾಲು ಉಳಿದಿರ್ತದೆ. ನೋಡಿ ಅಂತ ಹೇಳಿದೆ."

ಅಪ್ಪ ಸ್ಲೈಡನ್ನು ಹಿಂದಕ್ಕೆ ಎಳೆದ. ಮೊದಲ ಸಲ ಬರಲಿಲ್ಲ. ಹಲ್ಲು ಕಚ್ಚಿ ಎರಡನೇ ಸಲ ಎಳೆದಾಗ ಒಳಗಿನಿಂದ ಒಂದು ತುಂಬಿದ ತೋಟೆ ಮೆಲ್ಲಗೆ ಕಳಚಿ ಜಗುಲಿಯ ಕೆಂಪು ನೆಲದ ಮೇಲೆ ಬಿತ್ತು. ಬಿದ್ದು ಉರುಳಿತು. ಮೂವರೂ ನಿಂತಲ್ಲೇ ನಿಂತು, ಅದು ಉರುಳಿ ನೀರು ಹೋಗುವ ತೂತಿನ ಹತ್ತಿರ ನಿಲ್ಲುವವರೆಗೆ ನೋಡಿದೆವು. ಬರಿದಾಗಿ ಇಡಬಾರದು ಎಂಬುದನ್ನು ಅಜ್ಜ ಅಷ್ಟು ಪೂರ್ತಿಯಾಗಿ ಪಾಲಿಸಿದ್ದ. ನಳಿಗೆಯನ್ನೂ ಬರಿದು ಬಿಟ್ಟಿರಲಿಲ್ಲ. ವರ್ಷವೆಲ್ಲ ಅದು ಹಾಗೆಯೇ, ಬೆರಳು ತಾಗುವುದೊಂದೇ ಬಾಕಿ, ಒಲೆಯ ಕಡೆ ಮುಖ ಮಾಡಿ ಮಲಗಿತ್ತು. ಅವ್ವ ಕಂಬಕ್ಕೆ ಒರಗಿ ಕೂತಳು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಇವತ್ತು ನಾನು ಪಲ್ಪರ್, ಪಂಪ್‌ಸೆಟ್, ಕಳೆ ಕೊಚ್ಚುವ ಮಿಷನ್ ರಿಪೇರಿ ಮಾಡಿ ಬದುಕುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಆದರೆ ನನ್ನ ಶೆಡ್ಡಿಗೆ ಬಂದ ಮಿಷನ್ ರಿಪೇರಿಯಾಗದೆ ಹೋದದ್ದು ಕಡಿಮೆ, ಮತ್ತು ನನ್ನ ಕಸುಬಿನವರಲ್ಲಿ ಹತ್ತು ಬೆರಳೂ ಉಳಿಸಿಕೊಂಡ ನನ್ನಂಥವರೂ ಕಡಿಮೆ. ನಿಂತ ಮಿಷನ್ನಿಗೆ ಕೈ ಹಾಕುವ ಮೊದಲು ನಾನು ಈಗಲೂ ಎರಡು ಸಲ ಬಗ್ಗಿ ಒಳಗೆ ನೋಡುತ್ತೇನೆ. ಬೆಲ್ಟು ಕಳಚಿದ್ದರೂ, ವೈರು ಕಿತ್ತಿದ್ದರೂ, ಒಳಗೆ ಇನ್ನೂ ಒಂದು ಇದೆ ಎಂದೇ ನನ್ನ ಕೈ ನಂಬುತ್ತದೆ. ಜನ ಇದನ್ನು ಪುಕ್ಕಲುತನ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅದು ನನಗೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿದೆ.

ಆಮೇಲೆ ಅಪ್ಪ ಗೋಣಿಚೀಲ ಹಾಸಿ, ಅದರ ಮೇಲೆ ಅವ್ವನ ಮೊರ ಇಟ್ಟು, ಬಿಚ್ಚಿದ ಒಂದೊಂದೇ ತುಂಡನ್ನು ಬಿಚ್ಚಿದ ಸಾಲಿನಲ್ಲೇ ಅದರಲ್ಲಿಟ್ಟ. ಬಿಚ್ಚುವುದು ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಅಜ್ಜ ಹಿಂದೆ ಎಂದೋ ಜಗುಲಿಯಲ್ಲಿ ಬಿಚ್ಚಿದ್ದನ್ನು ನೋಡಿದ್ದ, ಅಷ್ಟೇ. ಖಾಲಿ ತೋಟೆಯನ್ನು ಹಿಡಿದು ಹೊರಗೆಳೆಯುವ ಒಂದು ಸಣ್ಣ ಕೊಕ್ಕೆ ಸ್ಲೈಡಿನಲ್ಲಿ ಇರುತ್ತದೆ. ಬೆರಳಿನಿಂದ ಒತ್ತಿದರೆ ಅದು ಅಲುಗಬೇಕು. ಅಲುಗಲಿಲ್ಲ. ಅದರ ಕೆಳಗೆ ಏನೋ ಕಲ್ಲಿನ ಹಾಗೆ ತುಂಬಿಕೊಂಡಿತ್ತು. ಅವ್ವನ ತಲೆಪಿನ್ನಿನಿಂದ ಅಪ್ಪ ಕೆರೆದ. ಹಳದಿಗಪ್ಪು ಬಣ್ಣದ ಚೂರುಗಳು ಪದರ ಪದರವಾಗಿ ಎದ್ದುಬಂದವು: ಒಂದು ಪದರ ಹೊಗೆಮಸಿ ಮತ್ತು ಎಣ್ಣೆ, ಒಂದು ಪದರ ತಿಳಿ ಬಣ್ಣದ ಪುಡಿ, ಮತ್ತೆ ಮಸಿ, ಮತ್ತೆ ತಿಳಿ. ಅವ್ವ ಒಂದು ಚೂರನ್ನು ಎತ್ತಿ ಮೂಸಿದಳು. ಅವಳ ಮುಖ ಬೂದಿಯಾಯಿತು.

"ಗಂಧ," ಎಂದಳು. "ನಾ ಹಚ್ಚಿದ ಗಂಧ."

ಅಜ್ಜ ಪೆಟ್ಟಿಗೆಗೆ ಬೀಗ ಹಾಕುವ ಮೊದಲು ಮೇಲಿನಿಂದ ಎಣ್ಣೆಬಟ್ಟೆ ಒರೆಸಿ ಮುಗಿಸುತ್ತಿದ್ದ. ಸಂದಿಯೊಳಗಿನ ಗಂಧವನ್ನು ಒರೆಸುವುದು ಪೂಜೆಯನ್ನು ಒರೆಸಿದ ಹಾಗೆ ಎಂದು ಬಿಡುತ್ತಿದ್ದ. ಅವ್ವನೋ, ಅದರ ಮೇಲಿನ ಹೆದರಿಕೆಗೆ, ಅದು ಶಾಂತವಾಗಿರಲಿ ಎಂದು ಎಲ್ಲ ಆಯುಧಕ್ಕಿಂತ ಹೆಚ್ಚು ಗಂಧವನ್ನು ಅದಕ್ಕೇ ಮೆತ್ತುತ್ತಿದ್ದಳು. ಇನ್ನು ತೋಟೆ ಮೇಲಕ್ಕೆ ಬಾರದ ಕಾರಣ ಮ್ಯಾಗಜಿನ್ನಿನಲ್ಲೇ ಇತ್ತು. ತೋಟೆಗಳನ್ನೆಲ್ಲ ತೆಗೆದ ಮೇಲೂ ಒಳಗಿನ ಸ್ಪ್ರಿಂಗು ಪೂರ್ತಿ ಏಳಲಿಲ್ಲ. ವರ್ಷಗಟ್ಟಲೆ ತುಂಬಿದ ಹೊರೆಯ ಕೆಳಗೆ ಕುಗ್ಗಿ ಕೂತು ಅದಕ್ಕೆ ಎದ್ದು ನಿಲ್ಲುವುದೇ ಮರೆತುಹೋಗಿತ್ತು. ಒಂದು ಕೇಡು ಭಕ್ತಿಯಿಂದ, ಇನ್ನೊಂದು ಕಟ್ಟಳೆಯಿಂದ. ಬೇರೆ ಯಾವ ಊರಿನ ಪಿಸ್ತೂಲಿಗೂ ಇಂಥ ಖಾಯಿಲೆ ಬಂದಿರಲಿಕ್ಕಿಲ್ಲ.

ಗೇಟಿನ ಹತ್ತಿರ ಜೀಪು ನಿಂತ ಸದ್ದು ಕೇಳಿದಾಗ ಮೊರದ ತುಂಬ ತುಂಡುಗಳಿದ್ದವು. ಬ್ಯಾಂಕಿನಲ್ಲಿ ರಶ್ಶೆಂದು ಅಜ್ಜ ಅರ್ಧಕ್ಕೇ ವಾಪಸು ಬಂದಿದ್ದ. ಮೆಟ್ಟಿಲು ಹತ್ತಿ, ಕೊಡೆಯನ್ನು ಮೂಲೆಗೆ ಇಟ್ಟು, ತಿರುಗಿ ಮೊರ ನೋಡಿದ. ನಾನು ಕಂಬದ ಹಿಂದೆ ಸರಿದೆ. ಅಜ್ಜ ಹೊಡೆಯುತ್ತಾನೆ ಎಂದಲ್ಲ. ಅವನು ಹಾಗೆ ಸುಮ್ಮನೆ ನಿಂತದ್ದನ್ನು ನಾನು ಮೊದಲು ನೋಡಿರಲಿಲ್ಲ.

"ಯಾರು ಹೇಳಿದ್ದು ಮುಟ್ಟಿಕೆ?"

ಅಪ್ಪ ಎದ್ದು ನಿಂತ. ಮಾವನ ಎದುರು ಎಂದೂ ನೇರ ಮಾತಾಡದ ಅವ್ವ ಅಂಗೈಯಲ್ಲಿ ಗಂಧದ ಚೂರು ಹಿಡಿದು ಮುಂದೆ ಬಂದಳು.

"ಇದು ನಾ ಹಚ್ಚಿದ್ದು ಮಾವ. ಇದು ಒಳಗೆ ಕೂತುಕೊಂಡು ನನ್ನ ಗೂಡೆನ, ದೇವಕಿನ, ತಿನ್ನಿಕೆ ನೋಡಿತ್ತು."

"ನಳಿಗೆಯಲ್ಲಿ ಒಂದು ತೋಟೆ ಇತ್ತು," ಎಂದ ಅಪ್ಪ. "ಇವಳು ಹೇಳದಿದ್ರೆ ನಾ ನೋಡ್ತಿರಲಿಲ್ಲ."

"ಇರ್ಬೇಕಲ್ಲ! ಬರಿದಾಗಿ ಇಡಿಕೆ ಉಟ್ಟಾ?"

"ಗೋಡೆ ಆಚೆ ನಿಮ್ಮ ಸೊಸೆ ಕೂತು ರೊಟ್ಟಿ ತಟ್ತಾಳೆ."

ಅಜ್ಜ ಗೋಡೆಯ ಕಡೆ ನೋಡಿದ. ಅದರ ಆಚೆಗೆ ಏನಿದೆ ಎಂಬುದು ಅವನಿಗೆ ಆ ಕ್ಷಣಕ್ಕೇ ಹೊಳೆದ ಹಾಗೆ ಕಂಡಿತು. ಆದರೂ ಸುಬೇದಾರ ಸುಬೇದಾರನೇ.

"ಗೋಡೆ ದಪ್ಪ ಉಟ್ಟು."

"ಹಂಡೆನೂ ದಪ್ಪ ಇತ್ತು ಮಾವ," ಎಂದಳು ಅವ್ವ.

ಅಜ್ಜ ಚಪ್ಪಲಿ ಬಿಟ್ಟು ಗೋಣಿಯ ಮೇಲೆ ಕೂತ. ಮೊರದಿಂದ ಒಂದು ಸಣ್ಣ ಸ್ಪ್ರಿಂಗನ್ನು ಎತ್ತಿ ಅದರ ಜಾಗಕ್ಕೆ ಕೂರಿಸಲು ಹೋದ. ಕೈ ನಡುಗಿ ಅದು ಮೊರಕ್ಕೇ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಮೂರನೇ ಸಲ ಅದನ್ನು ಎತ್ತದೆ ಅಪ್ಪನ ಕಡೆಗೆ ಮೊರವನ್ನು ತಳ್ಳಿದ.

"ಕೂತ್ಕೊ. ಅದು ಮೊದಲಲ್ಲ, ಆ ಉದ್ದದ್ದು ಮೊದಲು... ಎಡಕ್ಕಲ್ಲ ಮಾರಾಯ, ಬಲಕ್ಕೆ! ರೈಟರಿಗೆ ಎಡಬಲ ಗೊತ್ತಿಲ್ಲೆಯಾ?"

ಮರುದಿನ ಇಬ್ಬರೂ ಒಟ್ಟಿಗೆ ಮಡಿಕೇರಿಯ ಕೋವಿ ಅಂಗಡಿಗೆ ಹೋಗಿ ಬಂದರು. ಆ ಜಾತಿಯ ಸ್ಪ್ರಿಂಗು ಈಗ ಎಲ್ಲೂ ಸಿಗುವುದಿಲ್ಲವಂತೆ, ಬಂದರೆ ಹೇಳುತ್ತಾರಂತೆ. ಅಂದರೆ ಖಾಯಿಲೆ ಅರ್ಧವೇ ವಾಸಿ: ಖಾಲಿ ತೋಟೆ ಹೊರಗೆ ಹಾರುತ್ತದೆ, ಮುಂದಿನದು ಮೇಲಕ್ಕೆ ಬರುತ್ತದೋ ಇಲ್ಲವೋ ದೇವರೇ ಗತಿ. ಹಬ್ಬದ ಹಿಂದಿನ ದಿನ ಅಪ್ಪ ತನ್ನ ಜೀವಮಾನದಲ್ಲಿ ಮೊದಲ ಸಲ ಅಜ್ಜನಿಗೆ ಷರತ್ತು ಹಾಕಿದ. ದೀಪದ ಮುಂದೆ ಬರಿದಾಗಿ ಇಟ್ಟರೆ ಮಾತ್ರ ಹೊಡೆಯುತ್ತೇನೆ, ಇಲ್ಲದಿದ್ದರೆ ಇಲ್ಲ.

"ಗುರುಕಾರಣರಿಗೆ ಬರಿಗೈ ತೋರಿಸ್ತಿಯಾ?" ಅಜ್ಜ ಗುಡುಗಿದ. "ನನ್ನ ಅಪ್ಪನ ಕಾಲದಲ್ಲಿ ಆಗದ್ದು ನನ್ನ ಕಾಲದಲ್ಲಿ ಆಗಬೇಕಾ?"

ಅವ್ವ ಬಾಳೆಲೆ ಒರೆಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ತೋಟೆ ಪಕ್ಕದಲ್ಲಿ ಎಲೆ ಮೇಲೆ ಇಡುವ. ಎಲೆ ಬೇರೆ, ಅನ್ನ ಬೇರೆ. ಎಲೆಯೊಳಗೇ ಬೇಯಿಸಿ ಯಾರೂ ಬಡಿಸೂದಿಲ್ಲ."

"ಬಡಿಸ್ತಾರೆ. ಹಲಸಿನ ಹಣ್ಣಿನ ಕಡುಬು ಎಲೆಯೊಳಗೇ ಬೇಯೂದು."

"ತಿನ್ನುವಾಗ ಎಲೆ ಬಿಚ್ಚಿಯೇ ತಿಂತಾರೆ ಮಾವ."

"ಈ ಮನೆಯಲ್ಲಿ ಈಗ ಕೋರ್ಟು ಕಛೇರಿ ಎಲ್ಲ ಅಡಿಗೆಮನೆಯಲ್ಲೇ," ಎಂದು ಅಜ್ಜ ಗೊಣಗಿ ಎದ್ದುಹೋದ. ಅದೇ ಒಪ್ಪಿಗೆ.

ಕೈಲ್ ಮುಹೂರ್ತದ ದಿನ ಬಿಸಿಲು ಬಿದ್ದಿತ್ತು. ದೀಪದ ಮುಂದೆ ಪಿಸ್ತೂಲು ಬಾಯಿ ತೆರೆದು ಬರಿದಾಗಿ ಮಲಗಿತ್ತು. ಪಕ್ಕದ ಎಲೆಯಲ್ಲಿ ತೋಟೆಗಳು, ಗಂಧ ಪೆಟ್ಟಿಗೆಯ ಮರಕ್ಕೆ ಮಾತ್ರ. ಅಜ್ಜನ ತಮ್ಮ, ನಮ್ಮ ಚಿಕ್ಕಜ್ಜ, ಅದನ್ನು ಕಂಡು ಹುಬ್ಬು ಹಾರಿಸಿದ. ಅಜ್ಜ ಅವನ ಕಡೆ ತಿರುಗಲಿಲ್ಲ. ಅಕ್ಕ ಒಳಗಿನ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅವ್ವ ತವರಿಗೆ ಹೋಗಿರಲಿಲ್ಲ. ಆದರೆ ಬಂದವರನ್ನೆಲ್ಲ ಮುಲಾಜಿಲ್ಲದೆ ಅಪ್ಪನ ಬೆನ್ನ ಹಿಂದಕ್ಕೆ ಅಟ್ಟಿ, ತಾನು ಕೊನೆಗೆ ನನ್ನ ಭುಜ ಹಿಡಿದು ನಿಂತಳು. ಅವಳ ಉಗುರು ನನ್ನ ಅಂಗಿಯ ಮೂಲಕ ಚುಚ್ಚುತ್ತಿತ್ತು. ಅಪ್ಪ ಅಂಗಳದ ನಡುವೆ ನಿಂತು, ಎಲೆಯ ಮೇಲಿದ್ದ ತೋಟೆಗಳನ್ನು ತುಂಬಿ, ಬರೆಗೆ ಗುರಿ ಹಿಡಿದ.

ಮೊದಲ ಗುಂಡಿಗೆ ಬರೆಯಿಂದ ಮಣ್ಣು ಎದ್ದಿತು, ಖಾಲಿ ತೋಟೆ ಬಿಸಿಲಿಗೆ ಮಿಂಚಿ ಬಲಕ್ಕೆ ಹಾರಿತು. ಯಾರೋ ಶಿಳ್ಳೆ ಹೊಡೆದರು. ಎರಡನೆಯದೂ ಹಾಗೆಯೇ. ನನಗೆ ಉಸಿರು ಬಂದಿತು. ಮೂರನೆಯದಕ್ಕೆ ಅಪ್ಪ ಪಿಸ್ತೂಲಿನ ಕುದುರೆ ಎಳೆದ. ಏನೂ ಆಗಲಿಲ್ಲ. ಸ್ಲೈಡು ಅರ್ಧಕ್ಕೆ ನಿಂತಿತ್ತು.

ಅಪ್ಪ ಅಲುಗಲಿಲ್ಲ. ತೋಳು ಚಾಚಿದ ಹಾಗೆಯೇ, ಬಾಯಿ ಬರೆಯ ಕಡೆಗೇ, ಬೆರಳನ್ನು ಹೊರಗೆ ತೆಗೆದು ನೇರ ಮಾಡಿಕೊಂಡು ನಿಂತ.

"ಎಂತ ಪೊನ್ನಪ್ಪ, ನಿದ್ದೆಯಾ?" ಚಿಕ್ಕಜ್ಜ ಕೂಗಿದ. "ತಟ್ಟು ಮಾರಾಯ, ತಟ್ಟು! ಅಣ್ಣ ತಟ್ತಿದ್ದ ಹಾಗೆ ತಟ್ಟು!"

ಜನ ನಕ್ಕರು. "ಅದು ಹಾಜರಿ ಪುಸ್ತಕ ಅಲ್ಲ ರೈಟರೇ, ಕೋವಿ!" ಎಂದ ಇನ್ನೊಬ್ಬ. ನಗು ಅಂಗಳ ತುಂಬಿತು. ಅಪ್ಪನ ಕತ್ತಿನ ಹಿಂದೆ ಬೆವರು ಇಳಿದು ಕಾಲರ್ ಒದ್ದೆಯಾದದ್ದು ನನಗೆ ಕಾಣುತ್ತಿತ್ತು. ಒಂದು ಸಲ ತಿರುಗಿದರೆ ಸಾಕಿತ್ತು, ನಗುವವರಿಗೆ ಉತ್ತರ ಕೊಡಲು ಯಾರಾದರೂ ತಿರುಗಿಯೇ ತಿರುಗುತ್ತಾರೆ. ನಾನು ಮನಸ್ಸಿನಲ್ಲೇ ತಿರುಗಬೇಡ, ತಿರುಗಬೇಡ ಎನ್ನುತ್ತಿದ್ದೆ. ಅಜ್ಜ ಒಂದು ಹೆಜ್ಜೆ ಮುಂದಿಟ್ಟ. ತಟ್ಟು ಎನ್ನುತ್ತಾನೆ ಎಂದುಕೊಂಡೆ. ಅವ್ವನ ಉಗುರು ಇನ್ನೂ ಒಳಗಿಳಿಯಿತು.

"ಬಾಯಿ ಮುಚ್ಚು," ಎಂದ ಅಜ್ಜ. ಹೇಳಿದ್ದು ತಮ್ಮನಿಗೆ. ಆಮೇಲೆ ಅಪ್ಪನಿಗೆ, ಬೇರೆ ಯಾರಿಗೂ ಕೇಳಬಾರದೆಂಬಷ್ಟು ಮೆಲ್ಲಗೆ: "ಅವಸರ ಇಲ್ಲೆ ಮಗ. ಅವಸರ ಇಲ್ಲೆ."

ಅಪ್ಪ ಇನ್ನಷ್ಟು ಹೊತ್ತು ಹಾಗೆಯೇ ನಿಂತ. ಆಮೇಲೆ ಮ್ಯಾಗಜಿನ್ ಕೆಳಗೆ ಎಳೆದ. ಸ್ಲೈಡು ಹಿಂದಕ್ಕೆ ಎಳೆದ. ಮೂತಿ ಕೆಳಗೆ ಮಾಡಿಕೊಂಡಿದ್ದ ತೋಟೆ ಜಾರಿ ಹುಲ್ಲಿಗೆ ಬಿತ್ತು. ಒಳಗೆ ಬಗ್ಗಿ ನೋಡಿದ, ಬೆರಳಿನ ತುದಿ ಹಾಕಿ ಮತ್ತೊಮ್ಮೆ ನೋಡಿದ. ಆಮೇಲೆಯೇ ತಿರುಗಿದ. ನಗು ಎಲ್ಲೋ ನಿಂತುಹೋಗಿತ್ತು. ಅವನು ಪಿಸ್ತೂಲನ್ನು ಬಾಯಿ ತೆರೆದ ಹಾಗೆಯೇ ಅಜ್ಜನ ಕೈಗೆ ಕೊಟ್ಟ.

ಊಟಕ್ಕೆ ಕೂತೆವು. ಉದ್ದನೆಯ ಪಂಕ್ತಿ, ಕಡುಬು, ಹಂದಿಮಾಂಸದ ಸಾರು. ಹಬ್ಬದೂಟದಲ್ಲಿ ಯಜಮಾನನ ಎಲೆಗೆ ಮೊದಲು ಬಡಿಸಬೇಕು. ಅವನು ಮುಟ್ಟಿದ ಮೇಲೆ ಉಳಿದವರು. ಅವ್ವ ಸೌಟು ಹಿಡಿದು ಅಜ್ಜನ ಮುಂದೆ ಬಗ್ಗಿದಾಗ ಅಜ್ಜ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ.

"ನಂಗಲ್ಲ. ಅವಂಗೆ ಮೊದಲು."

ಅವ್ವ ಸೌಟು ಹಿಡಿದುಕೊಂಡೇ ನಿಂತಳು. ಚಿಕ್ಕಜ್ಜ ಲೋಟವನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಲ್ಲಿಸಿದ. ಆಮೇಲೆ ಅವ್ವ ಎರಡು ಹೆಜ್ಜೆ ಸರಿದು ಅಪ್ಪನ ಎಲೆಗೆ ಕಡುಬು ಹಾಕಿದಳು, ಸಾರು ಹೊಯ್ದಳು. ಎಲ್ಲರೂ ಅವನು ಮುಟ್ಟುವುದನ್ನು ಕಾಯುತ್ತಿದ್ದರು. ಅಪ್ಪ ಮುಟ್ಟಲಿಲ್ಲ. ಅಂಗಳದಲ್ಲಿ ಕಲ್ಲಿನ ಹಾಗೆ ನಿಂತಿದ್ದ ಆ ಬಲಗೈ ಈಗ ನಿಲ್ಲದೆ ಅದುರುತ್ತಿತ್ತು, ಅವನು ಅದನ್ನು ಮಂಡಿಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದ. ಪಕ್ಕದಲ್ಲಿದ್ದ ಅಜ್ಜ ಅದನ್ನು ನೋಡಿದ. ಯಾರ ಕಡೆಗೂ ತಿರುಗದೆ ತನ್ನ ಕೈಯನ್ನು ಅಪ್ಪನ ಎಲೆಗೆ ಚಾಚಿ, ಆ ನಡುಗುವ ಬೆರಳುಗಳಿಂದಲೇ ಕಡುಬನ್ನು ಮುರಿಯಲು ಹೋದ. ಅದು ಜಾರಿತು. ಮತ್ತೆ ಹಿಡಿದು ಮುರಿದ, ಸಣ್ಣ ಮಕ್ಕಳಿಗೆ ಮಾಡುವ ಹಾಗೆ ತುಂಡು ತುಂಡು ಮಾಡಿ ಸಾರಿಗೆ ಅದ್ದಿ ಇಟ್ಟ.

"ತಿನ್ನು," ಎಂದ. "ಆರಿಹೋಗ್ತದೆ."